ಗುರುವಿಗೊಂದು ನೆಲೆ ಬೇಕು

ಕಳೆದ ಮಾಘಮಾಸದಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಗ್ರಾಮಕ್ಕೆ, ಭಕ್ತರೊಬ್ಬರ ಮನೆಯ ಪೂಜಾಕಾರ್ಯದ ನಿಮಿತ್ತ ನಾವು ಹೋಗಿದ್ದೆವು. ಪೂಜೆ ಪ್ರಸಾದಗಳು ಮುಗಿದ ಮೇಲೆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಏನು ಓದುತ್ತಿರುವಿರಿ, ನಿಮ್ಮ ಗುರುಗಳ ಹೆಸರೇನು ಎಂದು ವಾಡಿಕೆಯಂತೆ ಕೇಳಿದೆವು. ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು ತುಸು ಯೋಚಿಸಿ, ‘ಯಾವ ಮೇಷ್ಟ್ರು ಬುದ್ಧೀ? ಹೋದ ವರ್ಷದವರಾ, ಈ ವರ್ಷದವರಾ, ದಸರಾ ಆದ್ಮೇಲೆ ಬಂದವರಾ?’ ಎಂದು ಮರುಪ್ರಶ್ನೆ ಹಾಕಿದಳು. ಸುತ್ತ ಕುಳಿತಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ.

ನಮ್ಮ ತಲೆಮಾರಿನ ಯಾರನ್ನೇ ಕೇಳಿರಿ, ಮೊದಲು ಅಕ್ಷರ ತಿದ್ದಿಸಿದ ಗುರುಗಳ ಹೆಸರನ್ನು ತಡವರಿಸದೆ ಹೇಳುತ್ತಾರೆ. ಅವರು ಉಡುತ್ತಿದ್ದ ಪಂಚೆ, ಕೂಗುತ್ತಿದ್ದ ರೀತಿ, ಮಳೆ ಬಂದಾಗ ಕೊಡೆ ಹಿಡಿದು ಹಳ್ಳ ದಾಟಿಸಿದ್ದು ಎಲ್ಲವೂ ನೆನಪಿನಲ್ಲಿ ಉಳಿದಿರುತ್ತವೆ. ಒಂದೇ ವರ್ಷದಲ್ಲಿ ಮೂವರು ಬಂದು ಹೋದರೆ ಆ ಮಗುವಿನ ಮನಸ್ಸಿನಲ್ಲಿ ಯಾರು ನಿಂತಾರು? ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನವನ್ನು ಕೊಟ್ಟ ಸಮಾಜ ನಮ್ಮದು. ಆದಕಾರಣ ಈ ಪ್ರಶ್ನೆಯನ್ನು ಸರಕಾರದ ಕಡತಕ್ಕೆ ಬಿಟ್ಟು ನಾವು ಸುಮ್ಮನಿರುವುದು ಸಲ್ಲದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು, ಶಿಕ್ಷಕರ ಸೇವಾಭದ್ರತೆ ಹೇಗೆ ಬಂದಿತು, ಹೇಗೆ ಬದಲಾಯಿತು, ಅದರಿಂದ ಶಾಲೆಗೆ ಏನಾಯಿತು ಎಂಬುದನ್ನು ಸದ್ಭಕ್ತರ ಮುಂದಿಡಲು ಬಯಸುತ್ತೇವೆ. ಸಾಲಿಗ್ರಾಮ, ಸರಗೂರುಗಳು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾಗಿವೆಯಾದರೂ ಇಲ್ಲಿ ಅವುಗಳನ್ನೂ ಸೇರಿಸಿಕೊಂಡೇ ಮಾತನಾಡುತ್ತೇವೆ.

ಚರ ಮತ್ತು ಸ್ಥಿರ

ನಮ್ಮ ಮಠಪರಂಪರೆಯಲ್ಲಿ ಚರಪಟ್ಟ, ಸ್ಥಿರಪಟ್ಟ ಎಂಬ ಎರಡು ಮಾತುಗಳಿವೆ. ಚರಮೂರ್ತಿಗಳು ಊರಿಂದೂರಿಗೆ ಸಂಚರಿಸುತ್ತ ಭಕ್ತರನ್ನು ಎಚ್ಚರಿಸುವವರು. ಸ್ಥಿರಪಟ್ಟದವರು ಒಂದು ಮಠದಲ್ಲಿ ನೆಲೆನಿಂತು, ಅಲ್ಲಿನ ವಟುಗಳನ್ನು ಬಾಲ್ಯದಿಂದ ಪ್ರಾಯದವರೆಗೆ ತಿದ್ದಿ ತೀಡುವವರು. ಎರಡೂ ಬೇಕು. ಆದರೆ ಹಿರಿಯರು ಎರಡನ್ನೂ ಒಂದೇ ಎಂದು ತಿಳಿದವರಲ್ಲ. ಉಪದೇಶವನ್ನು ಒಂದು ಸಂಜೆಯಲ್ಲಿ ನೀಡಬಹುದು. ವಿದ್ಯೆಯನ್ನು ಹಾಗೆ ನೀಡಲಾಗದು. ಕಾಗುಣಿತದಲ್ಲಿ ಎಡವುವ ಹುಡುಗನು ಎಲ್ಲಿ ಎಡವುತ್ತಾನೆಂದು ಅರಿಯುವುದಕ್ಕೇ ಗುರುವಿಗೆ ಮೂರು ತಿಂಗಳು ಬೇಕಾಗುತ್ತದೆ. ಅಷ್ಟರಲ್ಲಿ ಆ ಗುರುವು ಬೇರೆಡೆಗೆ ಹೊರಟುಹೋದರೆ, ಮುಂದೆ ಬಂದವನು ಮತ್ತೆ ಅದೇ ಮೂರು ತಿಂಗಳನ್ನು ಆರಂಭದಿಂದ ಕಳೆಯಬೇಕು. ಗುರುಗಳ ಲೆಕ್ಕದಲ್ಲಿ ಇದು ವರ್ಗಾವಣೆ. ಮಗುವಿನ ಲೆಕ್ಕದಲ್ಲಿ ಕಳೆದುಹೋದ ಕಾಲ.

ಹಿಂದಿನ ಕಾಲದ ಕೂಲಿಮಠಗಳಲ್ಲಿ ಅಯ್ಯನವರು ಊರಿನಲ್ಲಿಯೇ ವಾಸವಾಗಿದ್ದು, ಮನೆಮನೆಯಿಂದ ಬಂದ ದವಸಧಾನ್ಯಗಳಿಂದ ಜೀವಿಸುತ್ತ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅವರ ವಿದ್ಯೆ ಸೀಮಿತವಾಗಿತ್ತು, ಶಿಕ್ಷೆ ಕಠಿಣವಾಗಿತ್ತು, ಎಲ್ಲ ಜಾತಿಯ ಮಕ್ಕಳಿಗೂ ಅಲ್ಲಿ ಪ್ರವೇಶವಿರಲಿಲ್ಲ. ಆ ವ್ಯವಸ್ಥೆಯನ್ನು ಹೊಗಳಿ ಮರಳಿ ತರಬೇಕೆಂದು ನಾವು ಹೇಳುವುದಿಲ್ಲ. ೧೮೬೮ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಆರಂಭವಾದವು. ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. ಶಾಲೆಯು ಊರಿನ ದಾನದಿಂದ ರಾಜ್ಯದ ಕರ್ತವ್ಯವಾಗಿ ಬೆಳೆಯಿತು. ಇದು ನಿಜವಾಗಿಯೂ ದೊಡ್ಡ ಪ್ರಗತಿ. ಆದರೆ ಈ ಬೆಳವಣಿಗೆಯಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತು: ಗುರುವು ಯಾರಿಗೆ ಸೇರಿದವನು, ಇಲಾಖೆಗೋ, ಆಡಳಿತ ಮಂಡಳಿಗೋ, ಊರಿಗೋ?

ಭದ್ರತೆ ಏಕೆ ಬಂದಿತು

ಖಾಸಗಿ ಶಾಲೆಗಳ ಶಿಕ್ಷಕರು ಒಂದು ಕಾಲಕ್ಕೆ ಆಡಳಿತ ಮಂಡಳಿಯ ಮರ್ಜಿಯಲ್ಲಿಯೇ ಬದುಕಬೇಕಾಗಿತ್ತು. ಅಧ್ಯಕ್ಷರ ಮಗನಿಗೆ ಕಡಿಮೆ ಅಂಕ ಕೊಟ್ಟ ತಪ್ಪಿಗೆ, ಚುನಾವಣೆಯಲ್ಲಿ ಬೇರೆ ಪಕ್ಷದವರೊಡನೆ ನಿಂತ ತಪ್ಪಿಗೆ, ಕೆಲವೊಮ್ಮೆ ಯಾವ ತಪ್ಪೂ ಇಲ್ಲದೆಯೂ ಮನೆಗೆ ಕಳುಹಿಸಬಹುದಾಗಿತ್ತು. ಈ ಅನ್ಯಾಯವನ್ನು ತಡೆಯಲು ಕರ್ನಾಟಕದಲ್ಲಿ ೧೯೭೫ರಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಅಧಿನಿಯಮ ಬಂದಿತು. ಮುಂದೆ ಕರ್ನಾಟಕ ಶಿಕ್ಷಣ ಅಧಿನಿಯಮ, ೧೯೮೩ ಎಂಬುದು ೧೯೯೫ರ ಜನವರಿ ೨೦ರಂದು ಜಾರಿಗೆ ಬಂದಿತು. ಅದರ ೯೨ನೆಯ ಪ್ರಕರಣದಂತೆ, ಶಿಕ್ಷಕರ ಮೇಲಿನ ಆರೋಪವನ್ನು ಅವರಿಗೆ ತಿಳಿಸದೆ, ವಿಚಾರಣೆ ನಡೆಸದೆ, ಉತ್ತರ ಹೇಳಲು ಅವಕಾಶ ಕೊಡದೆ ವಜಾ ಮಾಡುವಂತಿಲ್ಲ. ಹಾಗೆ ಮಾಡಿದರೆ ನೊಂದವರು ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಧೀಶರ ಮಟ್ಟದ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಹೊರದೇಶಗಳಲ್ಲಿಯೂ ಇದೇ ಕಾರಣಕ್ಕೆ ಇಂತಹ ಕಾನೂನು ಬಂದದ್ದುಂಟು. ಅಮೆರಿಕದ ನ್ಯೂಜೆರ್ಸಿ ರಾಜ್ಯವು ೧೯೦೯ರಷ್ಟು ಹಿಂದೆಯೇ ಶಾಲಾ ಶಿಕ್ಷಕರಿಗೆ ಸೇವಾಭದ್ರತೆಯ ಕಾನೂನನ್ನು ಮಾಡಿತು.

ಸರಕಾರಿ ಶಾಲೆಗಳ ಕಡೆ ನೋಡಿದರೆ, ೧೯೯೦ರ ದಶಕದಲ್ಲಿ ಶೃಂಗೇರಿಯ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಲಂಚ ವಶೀಲಿಗಳಿಗೆ ಎಡೆಯಿಲ್ಲದಂತೆ, ಅಂಕಗಳ ಆಧಾರದ ಮೇಲೆ ಬಹುದೊಡ್ಡ ಪ್ರಮಾಣದಲ್ಲಿ ಶಿಕ್ಷಕರನ್ನು ನೇಮಿಸಿಕೊಂಡರು. ಬಡ ರೈತರ, ಕೂಲಿಕಾರರ ಮಕ್ಕಳು ಕಾಸಿಲ್ಲದೆ ಗುರುಗಳಾದರು. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಆ ಕಾಲಕ್ಕೆ ನೇಮಕವಾದವರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಸ್ಥಾನಕ್ಕೆ ಯಾರು ಬರುವರು ಎಂಬುದೇ ಇಂದಿನ ಚಿಂತೆ.

ಕೋಟೆಯ ಮಣ್ಣಿನಲ್ಲಿ ಹುಟ್ಟಿದ ನಲಿಕಲಿ

ನೆಲೆನಿಂತ ಗುರುಗಳಿಂದ ಏನು ಸಾಧ್ಯ ಎಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಹಿಂದುಳಿದ ತಾಲ್ಲೂಕೆಂದು ಎಲ್ಲರೂ ಮೂಗುಮುರಿಯುವ ಹೆಗ್ಗಡದೇವನಕೋಟೆಯಲ್ಲಿಯೇ ೧೯೯೫ರಲ್ಲಿ ನಲಿಕಲಿ ಪದ್ಧತಿ ಹುಟ್ಟಿತು. ಇಲ್ಲಿನ ಸರಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಡನೆ, ತಮ್ಮ ಮಕ್ಕಳ ಆಡುಮಾತಿಗೆ ಹೊಂದುವ ಹಾಡು, ಕಥೆ, ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲನ್ನು ಏರುವ ಕ್ರಮವದು. ಕೊಯ್ಲಿಗೋ ಜಾತ್ರೆಗೋ ಹೋಗಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಹಿಂದಿರುಗಿದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ೨೦೦೯-೧೦ರ ಹೊತ್ತಿಗೆ ಈ ಪದ್ಧತಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕಾಡಂಚಿನ ತಾಲ್ಲೂಕೊಂದು ನಾಡಿಗೇ ಪಾಠ ಹೇಳಿತು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಆದರೆ ಈ ಪದ್ಧತಿಯ ಜೀವ ಕಾರ್ಡಿನಲ್ಲಿಲ್ಲ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡ ಗುರುವಿನಲ್ಲಿ ಅದರ ಜೀವವಿದೆ. ಆ ತರಬೇತಿ ಪಡೆಯದೆ, ಸೆಪ್ಟೆಂಬರಿನಲ್ಲಿ ಬಂದು ಮಾರ್ಚಿನಲ್ಲಿ ಹೊರಡುವ ತಾತ್ಕಾಲಿಕ ಶಿಕ್ಷಕರಿಗೆ ಅದು ಬಣ್ಣದ ಕಾಗದದ ರಾಶಿಯಾಗಿ ಮಾತ್ರ ಕಂಡರೆ ಅವರನ್ನು ದೂರುವಂತಿಲ್ಲ.

ಎ, ಬಿ, ಸಿ ಎಂಬ ಮೂರು ವಲಯಗಳು

ಸರಕಾರಿ ಶಿಕ್ಷಕರಿಗೆ ಹುದ್ದೆಯ ಭದ್ರತೆ ಇತ್ತಾದರೂ, ಅವರು ಎಲ್ಲಿರಬೇಕು ಎಂಬುದನ್ನು ಬಹುಕಾಲ ಪ್ರಭಾವಿಗಳೇ ನಿರ್ಧರಿಸುತ್ತಿದ್ದರು. ಶಿಫಾರಸು ಇದ್ದವರು ಮೈಸೂರಿನ ಸುತ್ತ ಉಳಿದರು. ಇಲ್ಲದವರು ಕಾಡಂಚಿಗೆ ಹೋದರು. ಹೋದವರು ಅಲ್ಲಿಂದ ಬಿಡಿಸಿಕೊಳ್ಳಲು ಕಚೇರಿಗಳ ಮೆಟ್ಟಿಲು ಸವೆಸಿದರು. ಇದನ್ನು ಸರಿಪಡಿಸಲು ೨೦೦೭ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮ ಬಂದಿತು. ಶಾಲೆಗಳನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ವಿಂಗಡಿಸಿ, ಪಟ್ಟಣದವನ್ನು ಎ ಎಂದೂ ದೂರದ ಗ್ರಾಮಗಳವನ್ನು ಸಿ ಎಂದೂ ಗುರುತಿಸಿ, ಕೌನ್ಸೆಲಿಂಗ್ ಮೂಲಕ ಎಲ್ಲರ ಕಣ್ಣೆದುರು ಸ್ಥಳ ಹಂಚುವ ಕ್ರಮವನ್ನು ಅದು ಗಟ್ಟಿಗೊಳಿಸಿತು. ಪಟ್ಟಣದಲ್ಲಿ ದೀರ್ಘಕಾಲ ಇದ್ದವರು ಹಳ್ಳಿಗೂ ಬರಬೇಕು ಎಂಬುದು ಅದರ ಆಶಯ. ಆಶಯ ಧರ್ಮಸಮ್ಮತವಾದುದೇ.

ಆದರೆ ೨೦೧೯ರಲ್ಲಿ, ಹತ್ತು ವರ್ಷಕ್ಕೂ ಮಿಗಿಲಾಗಿ ಎ ವಲಯದಲ್ಲಿದ್ದವರನ್ನು ಕಡ್ಡಾಯವಾಗಿ ವರ್ಗಾಯಿಸತೊಡಗಿದಾಗ ನಾಡಿನಾದ್ಯಂತ ಗೋಳು ಎದ್ದಿತು. ವೃದ್ಧ ತಂದೆತಾಯಿಗಳನ್ನು, ಚಿಕ್ಕ ಮಕ್ಕಳನ್ನು ಬಿಟ್ಟು ದೂರ ಹೋಗಬೇಕಾದ ಶಿಕ್ಷಕಿಯರ ಕಣ್ಣೀರು ಸುಳ್ಳಾಗಿರಲಿಲ್ಲ. ೨೦೨೦ರಲ್ಲಿ ಹಳೆಯದರ ಬದಲು ಹೊಸ ಅಧಿನಿಯಮವನ್ನು ತರಲಾಯಿತು. ಇಷ್ಟೆಲ್ಲ ಆದರೂ ಸಿ ವಲಯದ ಶಾಲೆಯ ಪಾಡು ಹೆಚ್ಚು ಬದಲಾಗಲಿಲ್ಲ. ಏಕೆಂದರೆ ಕಾನೂನು ಗುರುವನ್ನು ಶಾಲೆಗೆ ಕಳುಹಿಸಬಲ್ಲದು. ಊರಿನಲ್ಲಿ ನೆಲೆಸುವಂತೆ ಮಾಡಲಾರದು.

ನಮ್ಮ ನಾಲ್ಕು ತಾಲ್ಲೂಕುಗಳ ಭೂಗೋಳವನ್ನೇ ನೋಡಿರಿ. ಕೃಷ್ಣರಾಜನಗರಕ್ಕೆ ಮೈಸೂರಿನಿಂದ ರೈಲು ಇದೆ. ಹುಣಸೂರಿಗೆ ಹೆದ್ದಾರಿ ಇದೆ. ಶಿಕ್ಷಕರು ಬೆಳಗ್ಗೆ ಬಂದು ಸಂಜೆ ಮೈಸೂರಿಗೆ ಹಿಂದಿರುಗುತ್ತಾರೆ. ಅವರ ಗಡಿಯಾರ ರೈಲಿನ ವೇಳೆಗೆ ಹೊಂದಿಕೊಂಡಿರುತ್ತದೆ. ಹೆಗ್ಗಡದೇವನಕೋಟೆಯಿಂದ ಅಂತರಸಂತೆ ದಾಟಿ ಡಿ.ಬಿ. ಕುಪ್ಪೆಯತ್ತ, ಕಬಿನಿಯ ಆಚೆ ಕೇರಳ ಕಾಣುವ ಗಡಿಯತ್ತ ಹೊರಟರೆ ಮಾತೇ ಬೇರೆ. ನಡುವೆ ನಾಗರಹೊಳೆಯ ಕಾಡು. ಸಂಜೆ ಆರು ಗಂಟೆಗೆ ಅರಣ್ಯದ ಗೇಟು ಮುಚ್ಚಿತೆಂದರೆ ಬೆಳಗಿನವರೆಗೆ ತೆರೆಯದು. ಆನೆಯ ಭಯ ಬೇರೆ. ಅಂತಹ ಕಡೆ ವಾಸಕ್ಕೆ ಒಂದು ಮನೆ ಇಲ್ಲದಿದ್ದರೆ, ಗುರುವು ಗೇಟಿನ ಹೊತ್ತಿಗೆ ಹೊರಡಲೇಬೇಕು. ಜೇನುಕುರುಬ, ಕಾಡುಕುರುಬ, ಯರವ ಮೊದಲಾದ ಸಮುದಾಯಗಳ ಹಾಡಿಗಳ ಮಕ್ಕಳು ಮನೆಯಲ್ಲಿ ಆಡುವ ಮಾತು ಪಠ್ಯಪುಸ್ತಕದ ಕನ್ನಡವಲ್ಲ. ಆ ಮಾತನ್ನು ಗುರುವು ಕಲಿಯದೆ ಮಗುವಿಗೆ ಕನ್ನಡ ಕಲಿಸಲಾಗದು. ಕಲಿಯಲು ಒಂದೆರಡು ವರ್ಷವಾದರೂ ಅಲ್ಲಿರಬೇಕು. ಇದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ, ೧೯೮೪ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಗಿರಿಜನ ಮಕ್ಕಳಿಗಾಗಿ ವಸತಿಶಾಲೆಯನ್ನು ಬೆಳೆಸಿದೆ. ಕಲಿಸುವವರು ಮಕ್ಕಳ ನಡುವೆಯೇ ಬಾಳುವುದು ಎಷ್ಟು ಮುಖ್ಯ ಎಂಬುದನ್ನು ಅಲ್ಲಿಗೆ ಹೋದವರು ಕಂಡುಕೊಳ್ಳಬಹುದು.

ಅತಿಥಿ ಎಂಬ ಹೆಸರಿನ ಗುರು

ಈಗ ಮೂಲ ಸಮಸ್ಯೆಗೆ ಬರೋಣ. ನಿವೃತ್ತಿಯಿಂದ ತೆರವಾದ ಸ್ಥಾನಗಳಿಗೆ ಕಾಯಂ ನೇಮಕ ತಡವಾಗುತ್ತ ಹೋದಂತೆ, ಆ ಜಾಗವನ್ನು ಅತಿಥಿ ಶಿಕ್ಷಕರಿಂದ ತುಂಬುವ ರೂಢಿ ಬಲವಾಯಿತು. ಆರರಿಂದ ಎಂಟನೆಯ ತರಗತಿಗಳಿಗೆ ೧೫,೦೦೦ ಪದವೀಧರ ಶಿಕ್ಷಕರ ನೇಮಕಾತಿ ಪ್ರಕಟಣೆ ೨೦೨೨ರಲ್ಲಿ ಹೊರಟಿತು. ನ್ಯಾಯಾಲಯದ ವ್ಯಾಜ್ಯಗಳನ್ನು ದಾಟಿ ಆಯ್ಕೆಯಾದವರು ಶಾಲೆಗೆ ಬರುವಷ್ಟರಲ್ಲಿ ೨೦೨೩ ಮುಗಿಯುತ್ತ ಬಂದಿತ್ತು. ಅಷ್ಟು ಕಾಲ ಪಾಠ ನಿಲ್ಲಬಾರದಲ್ಲ? ಆದಕಾರಣ ಅತಿಥಿಗಳು.

ಅತಿಥಿ ಶಿಕ್ಷಕರಿಗೆ ಸಂಬಳವಿಲ್ಲ, ಗೌರವಧನವಿದೆ. ೨೦೨೫-೨೬ರ ಆಯವ್ಯಯದಲ್ಲಿ ಅದನ್ನು ತಿಂಗಳಿಗೆ ೨,೦೦೦ ರೂಪಾಯಿಯಷ್ಟು ಹೆಚ್ಚಿಸುವುದಾಗಿ ಪ್ರಕಟಿಸಲಾಯಿತು. ಆದರೂ ಒಂದು ಸಂಸಾರ ನಡೆಸಲು ಅದು ಸಾಲದು. ಬೇಸಿಗೆ ರಜೆ ಬಂದೊಡನೆ ಸೇವೆಯೂ ಮುಗಿಯುತ್ತದೆ. ಮುಂದಿನ ಜೂನ್ ಕಳೆದು ಹೊಸ ಆದೇಶ ಬರುವವರೆಗೆ ತಾವು ಶಿಕ್ಷಕರೋ ಅಲ್ಲವೋ ಎಂಬುದು ಅವರಿಗೇ ತಿಳಿಯದು. ಹತ್ತು ವರ್ಷ ಹೀಗೆ ದುಡಿದರೂ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರ ಏಪ್ರಿಲ್ ೧೦ರಂದು, ನಿಯಮಬದ್ಧ ಸ್ಪರ್ಧೆಯಿಲ್ಲದೆ ತಾತ್ಕಾಲಿಕವಾಗಿ ಬಂದವರು ದೀರ್ಘ ಸೇವೆಯೊಂದರ ಬಲದಿಂದಲೇ ಕಾಯಮಾತಿ ಕೇಳಲಾಗದೆಂದು ತೀರ್ಪಿತ್ತಿದೆ. ಹಿಂಬಾಗಿಲ ನೇಮಕವನ್ನು ತಡೆಯುವ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಅದೇ ತೀರ್ಪಿನ ಇನ್ನೊಂದು ಭಾವ, ಕಾಯಂ ಕೆಲಸಕ್ಕೆ ತಾತ್ಕಾಲಿಕ ಜನರನ್ನು ವರ್ಷಾನುಗಟ್ಟಲೆ ಇಟ್ಟುಕೊಳ್ಳಬಾರದು ಎಂಬುದು, ಆಳುವವರಿಗೆ ಅಷ್ಟಾಗಿ ನೆನಪಿಗೆ ಬರುತ್ತಿಲ್ಲ. ಅದೇ ೨೦೦೬ರ ಏಪ್ರಿಲ್ ೧ರಿಂದ ರಾಜ್ಯದಲ್ಲಿ ಹೊಸದಾಗಿ ಸರಕಾರಿ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆ ಅನ್ವಯವಾಯಿತು. ಹೀಗೆ ಕಾಯಂ ಆದವರ ಭದ್ರತೆಯೂ ಮೊದಲಿನಂತೆ ಉಳಿಯಲಿಲ್ಲ.

ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮವು ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಅದರ ೨೬ನೆಯ ಪ್ರಕರಣದಂತೆ ಸರಕಾರಿ ಹಾಗೂ ಅನುದಾನಿತ ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇಕಡಾ ೧೦ನ್ನು ಮೀರಬಾರದು. ನಮ್ಮ ಹಳ್ಳಿಯ ಲೆಕ್ಕಕ್ಕೆ ಇದನ್ನು ಇಳಿಸಿ ನೋಡಿರಿ. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಅದೇ ಕಾನೂನು ಇಬ್ಬರು ಶಿಕ್ಷಕರನ್ನು ಹೇಳುತ್ತದೆ. ಅವರಲ್ಲಿ ಒಬ್ಬರ ಸ್ಥಾನ ಖಾಲಿಯಾದರೆ ಅದು ಶೇಕಡಾ ೧೦ ಅಲ್ಲ, ಶೇಕಡಾ ೫೦. ಅಂದರೆ ಚಿಕ್ಕ ಶಾಲೆಯಲ್ಲಿ ಒಂದು ಹುದ್ದೆಯೂ ಖಾಲಿ ಇರುವಂತಿಲ್ಲ ಎಂಬುದೇ ಕಾನೂನಿನ ನಿಜವಾದ ಅರ್ಥ. ಜಿಲ್ಲೆಯ ಸರಾಸರಿಯ ಮರೆಯಲ್ಲಿ ಈ ಅರ್ಥ ಮುಚ್ಚಿಹೋಗುತ್ತದೆ.

ಇದರ ಪೆಟ್ಟು ಬೀಳುವುದು ಯಾವಾಗ ಎಂಬುದನ್ನೂ ಗಮನಿಸಬೇಕು. ಹುಣಸೂರು ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳನ್ನು ನಂಬಿದ ಸಂಸಾರಗಳು ಸಾವಿರಾರು. ಮಳೆಗಾಲದ ಮಧ್ಯಭಾಗದಿಂದ ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ಬ್ಯಾರನ್ನಿನಲ್ಲಿ ಹದಗೊಳಿಸುವ ಕೆಲಸ ಹಗಲಿರುಳು ನಡೆಯುತ್ತದೆ. ಆಗ ದೊಡ್ಡ ಮಕ್ಕಳ ಕೈಗೂ ಕೆಲಸ ಬರುತ್ತದೆ. ಊರನ್ನು ಬಲ್ಲ ಗುರುವಾದರೆ, ಯಾವ ಮನೆಯ ಹುಡುಗಿ ಎಷ್ಟು ದಿನದಿಂದ ಬಂದಿಲ್ಲ, ಏಕೆ ಬಂದಿಲ್ಲ ಎಂದು ಅರಿತು ಸಂಜೆ ಆ ಮನೆಯ ಜಗಲಿಗೆ ಹೋಗಿ ಕೂರುತ್ತಾನೆ. ತಂದೆಗೆ ನಾಚಿಕೆಯಾಗಿ ಮರುದಿನ ಮಗಳನ್ನು ಕಳುಹಿಸುತ್ತಾನೆ. ಅತಿಥಿ ಶಿಕ್ಷಕರ ಆದೇಶ ಬರುವುದು ತಡವಾದ ವರ್ಷ, ಸರಿಯಾಗಿ ಅದೇ ತಿಂಗಳುಗಳಲ್ಲಿ ಶಾಲೆಯಲ್ಲಿ ಗುರುವೇ ಇರುವುದಿಲ್ಲ. ಬಂದಿಲ್ಲದ ಮಗುವನ್ನು ಕೇಳುವವರಾರು?

ಎದುರುವಾದವನ್ನೂ ಕೇಳಬೇಕು

ಸೇವಾಭದ್ರತೆಯೇ ಸೋಮಾರಿತನದ ಮೂಲ, ಕೆಲಸ ಹೋಗುವ ಭಯವಿದ್ದರೆ ಮಾತ್ರ ಪಾಠ ನಡೆದೀತು ಎನ್ನುವವರು ಉಂಟು. ಈ ಮಾತನ್ನು ತಳ್ಳಿಹಾಕಿ ಮುಂದೆ ಹೋಗುವುದು ವಿಚಾರವಂತರ ಲಕ್ಷಣವಲ್ಲ. ೨೦೦೩ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದೇಶದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿಯಿತ್ತು ನಡೆಸಿದ ಸಮೀಕ್ಷೆಯಲ್ಲಿ ಸುಮಾರು ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿರಲಿಲ್ಲ. ಆಂಧ್ರಪ್ರದೇಶದಲ್ಲಿ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ, ಹೆಚ್ಚುವರಿಯಾಗಿ ಗುತ್ತಿಗೆ ಶಿಕ್ಷಕರನ್ನು ಪಡೆದ ಶಾಲೆಗಳ ಮಕ್ಕಳು ಉತ್ತಮವಾಗಿ ಕಲಿತದ್ದೂ, ಗುತ್ತಿಗೆಯವರು ಕಾಯಂ ಶಿಕ್ಷಕರಿಗಿಂತ ಕಡಿಮೆ ಗೈರುಹಾಜರಾದದ್ದೂ ಕಂಡುಬಂದಿತು. ಇದನ್ನು ಮರೆಮಾಚಬಾರದು.

ಆದರೆ ಅದರ ಒಳಮರ್ಮವನ್ನು ತಿಳಿಯಬೇಕು. ಅಲ್ಲಿ ಗುತ್ತಿಗೆ ಶಿಕ್ಷಕರು ಇದ್ದ ಗುರುಗಳ ಜೊತೆಗೆ ಬಂದವರು; ಹೋದ ಗುರುಗಳ ಬದಲಿಗೆ ಬಂದವರಲ್ಲ. ಬಹುಪಾಲು ಅವರು ಅದೇ ಊರಿನ ಅಥವಾ ಪಕ್ಕದೂರಿನವರು. ಅವರು ಹತ್ತಿರದಲ್ಲಿದ್ದರು, ಊರಿನ ಮಕ್ಕಳನ್ನು ಬಲ್ಲವರಾಗಿದ್ದರು. ಅಂದರೆ ಫಲ ಕೊಟ್ಟದ್ದರಲ್ಲಿ ಭಯಕ್ಕಿಂತ ಸಾಮೀಪ್ಯದ ಪಾಲೂ ಕಡಿಮೆಯಲ್ಲ ಎಂದು ನಾವು ತಿಳಿಯುತ್ತೇವೆ. ಇನ್ನು ಗೈರುಹಾಜರಿಯ ವಿಷಯ: ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಕಾರಣವೂ ಇಲ್ಲದೆ ತಪ್ಪಿಸಿಕೊಂಡವರು ಶೇಕಡಾ ೨.೫ರಷ್ಟು ಮಾತ್ರ, ಉಳಿದವರು ರಜೆಯಲ್ಲಿಯೋ ತರಬೇತಿ, ಇಲಾಖೆಯ ಕೆಲಸಗಳಲ್ಲಿಯೋ ಇದ್ದರು. ಶಾಲೆಯಿಂದ ಗುರುವನ್ನು ಹೊರಗೆಳೆಯುವುದರಲ್ಲಿ ನಮ್ಮ ಆಡಳಿತದ ಪಾತ್ರವೂ ಇದೆ.

ಭದ್ರತೆಯನ್ನೇ ತೆಗೆದು ನೋಡಿದ ನಾಡುಗಳೂ ಇವೆ. ಅಮೆರಿಕದ ಫ್ಲಾರಿಡಾದಲ್ಲಿ ೨೦೧೧ರ ಕಾನೂನಿನಿಂದ ಹೊಸ ಶಿಕ್ಷಕರಿಗೆ ಶಾಶ್ವತ ನೇಮಕವನ್ನು ನಿಲ್ಲಿಸಿ ವರ್ಷವರ್ಷದ ಕರಾರನ್ನು ತಂದರು. ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಗಳ ಹೆಸರಿನಲ್ಲಿಯೇ ಮೊಕದ್ದಮೆ ಹೂಡಿ ಸೇವಾಭದ್ರತೆಯ ಕಾನೂನನ್ನು ಪ್ರಶ್ನಿಸಿದರು. ೨೦೧೪ರಲ್ಲಿ ಕೆಳ ನ್ಯಾಯಾಲಯ ಅದನ್ನು ರದ್ದುಪಡಿಸಿತು, ೨೦೧೬ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅಲ್ಲಿಯೂ ವಿವಾದ ಮುಗಿದಿಲ್ಲ. ಕೆಟ್ಟ ಗುರುವನ್ನು ಉಳಿಸುವುದು ಮಕ್ಕಳಿಗೆ ಅನ್ಯಾಯ. ಒಳ್ಳೆಯ ಗುರುವನ್ನು ಅಲ್ಲಾಡಿಸುವುದೂ ಮಕ್ಕಳಿಗೇ ಅನ್ಯಾಯ. ವಿಚಾರಣೆ ನಡೆಸಿ ತಪ್ಪಿತಸ್ಥರನ್ನು ತೆಗೆಯಲು ನಮ್ಮ ಕಾನೂನಿನಲ್ಲಿ ದಾರಿ ಇದೆ. ಆ ದಾರಿಯಲ್ಲಿ ನಡೆಯುವ ಶ್ರಮಕ್ಕೆ ಬೇಸತ್ತು, ಎಲ್ಲರನ್ನೂ ಅತಿಥಿಗಳನ್ನಾಗಿ ಮಾಡುವುದು ಕಳೆಯೊಡನೆ ಪೈರನ್ನೂ ಕಿತ್ತ ಹಾಗೆ.

ಈಚೆಗೆ ೨೦೨೫ರ ಸೆಪ್ಟೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಮಹತ್ವದ ತೀರ್ಪನ್ನು ನೀಡಿತು. ಒಂದರಿಂದ ಎಂಟನೆಯ ತರಗತಿಗಳಿಗೆ ಬೋಧಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿರುವ ಶಿಕ್ಷಕರು, ಶಿಕ್ಷಣ ಹಕ್ಕು ಕಾನೂನಿಗೆ ಮೊದಲೇ ನೇಮಕವಾದವರಾದರೂ, ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬುದು ಅದರ ಸಾರ. ಅಲ್ಪಸಂಖ್ಯಾತ ಸಂಸ್ಥೆಗಳ ವಿಚಾರವನ್ನು ಹಿರಿಯ ಪೀಠಕ್ಕೆ ಬಿಡಲಾಯಿತು. ಗುರುವು ಸದಾ ವಿದ್ಯಾರ್ಥಿಯಾಗಿರಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಐವತ್ತು ದಾಟಿದ, ಹಳ್ಳಿಯಲ್ಲಿ ಇಪ್ಪತ್ತೈದು ವರ್ಷ ದುಡಿದ ಶಿಕ್ಷಕಿ ಪಾಠ ಬಿಟ್ಟು ಪರೀಕ್ಷೆಯ ಭಯದಲ್ಲಿ ಕುಳಿತರೆ ನಷ್ಟ ಯಾರಿಗೆ? ಅಂತಹವರನ್ನು ಒಟ್ಟುಗೂಡಿಸಿ ಸಂಜೆಯ ಹೊತ್ತು ಓದಿಗೆ ಅನುವು ಮಾಡಿಕೊಡುವ ಕಾರ್ಯವನ್ನು ನಮ್ಮ ಮಠಗಳ, ಸಂಘಗಳ ಸಭಾಭವನಗಳಲ್ಲಿ ಮಾಡಬಾರದೇಕೆ?

ನಮ್ಮ ಎಲೆಯಲ್ಲಿ ಬಿದ್ದಿರುವುದು

ಸರಕಾರಕ್ಕೆ ಹೇಳಿದ ಮಾತು ನಮಗೂ ಅನ್ವಯಿಸಬೇಕು. ಈ ಭಾಗದ ಅಕ್ಷರಪ್ರಸಾರದಲ್ಲಿ ವೀರಶೈವ ಲಿಂಗಾಯತ ಮಠಗಳ ಪಾತ್ರ ದೊಡ್ಡದು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ೧೯೫೪ರಲ್ಲಿ ಸ್ಥಾಪಿಸಿದ ವಿದ್ಯಾಪೀಠವು ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಪದವೀಧರನನ್ನು ಕೊಟ್ಟಿತು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹ ನಮ್ಮ ಹೆಮ್ಮೆ. ಶಾಲೆಗಳ ಬಿಸಿಯೂಟದ ಯೋಜನೆಗೆ ಸರಕಾರವು ಆರಿಸಿಕೊಂಡ ‘ಅಕ್ಷರ ದಾಸೋಹ’ ಎಂ‌ಬ ಹೆಸರು ಕೂಡ ನಮ್ಮ ಪರಂಪರೆಯ ಮಾತೇ.

ಆದರೆ ಒಂದು ಸಂಗತಿಯನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಗಿಸಲಾರೆವು. ಹಲವು ವರ್ಷಗಳ ಹಿಂದೆ ನಮ್ಮವರದೇ ಆದ ಒಂದು ಅನುದಾನರಹಿತ ಶಾಲೆಯ ಆಡಳಿತ ಮಂಡಳಿಯಲ್ಲಿ ನಾವೂ ಒಬ್ಬ ಸದಸ್ಯರಾಗಿದ್ದೆವು. ಶಿಕ್ಷಕರನ್ನು ಜೂನ್‌ನಲ್ಲಿ ನೇಮಿಸಿ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದರೆ ರಜೆಯ ಸಂಬಳ ಉಳಿಯುತ್ತದೆ, ಹಕ್ಕಿನ ಮಾತೂ ಬರುವುದಿಲ್ಲ ಎಂಬ ಸಲಹೆ ಸಭೆಗೆ ಬಂದಿತು. ಲೆಕ್ಕ ಸರಿಯಾಗಿತ್ತು. ಎಲ್ಲರೂ ತಲೆದೂಗಿದರು, ನಾವು ತಲೆ ಬಗ್ಗಿಸಿ ಕುಳಿತೆವು. ಅದೇ ಸಂಜೆ ಆ ಶಾಲೆಯ ಆವರಣದಲ್ಲಿ ದಾಸೋಹದ ಮಹಿಮೆಯನ್ನು ಕುರಿತು ನಾವೇ ಉಪನ್ಯಾಸ ಮಾಡಿದೆವು. ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವರಲ್ಲಿ ಆ ಶಿಕ್ಷಕಿಯರೂ ಇದ್ದರು. ಎರಡೇ ವರ್ಷದಲ್ಲಿ ಅವರಲ್ಲಿ ಉತ್ತಮರೆಲ್ಲ ಬೇರೆಡೆಗೆ ಹೊರಟುಹೋದರು. ಕಟ್ಟಡ ಎತ್ತರವಾಯಿತು, ಒಳಗಿನ ದೀಪ ಕಿರಿದಾಯಿತು. ಆ ದಿನ ನಾವು ಬಾಯಿ ತೆರೆಯಬೇಕಾಗಿತ್ತು ಎಂಬ ನೋವು ಇಂದಿಗೂ ಹೋಗಿಲ್ಲ.

ಕಾಯಕ ಮಾಡಿದವನಿಗೆ ಅದರ ಫಲವನ್ನು ತಡೆಹಿಡಿಯುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ. ಗುರುವಿನ ಸಂಬಳವನ್ನು ಉಳಿಸಿ ಗೋಪುರಕ್ಕೆ ಬಣ್ಣ ಹಚ್ಚಿದರೆ ಅದನ್ನು ಯಾವ ದಾಸೋಹವೆಂದು ಕರೆಯೋಣ?

ಮಾಡಬಹುದಾದದ್ದು

ಸದ್ಭಕ್ತರು ತಮ್ಮ ಊರಿನಲ್ಲಿ ಮಾಡಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇವೆ. ಮೊದಲನೆಯದು, ೨೦೦೧ರಿಂದ ಪ್ರತಿ ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಪೋಷಕರೇ ಅದರ ಸದಸ್ಯರು. ಸುಣ್ಣಬಣ್ಣದ, ಬಾವುಟದ ದಿನದ ಮಾತಿಗಷ್ಟೇ ಸಭೆ ಸೇರದೆ, ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ ಎಂಬುದನ್ನು ಬರೆದಿಡಬೇಕು. ಶಿಕ್ಷಣ ಹಕ್ಕು ಕಾನೂನಿನ ೨೬ನೆಯ ಪ್ರಕರಣವನ್ನು ಉಲ್ಲೇಖಿಸಿ, ಏಪ್ರಿಲ್ ತಿಂಗಳಲ್ಲಿಯೇ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಡಬೇಕು. ಮಳೆ ಬಂದಮೇಲೆ ಮಾಡು ಹೊದಿಸುವುದರಿಂದ ಪ್ರಯೋಜನವಿಲ್ಲ.

ಎರಡನೆಯದು, ಗುರುವಿಗೆ ವಾಸದ ನೆಲೆ. ಕಾಡಂಚಿನ, ಬಸ್ಸು ಕಡಿಮೆಯಿರುವ ಊರುಗಳಲ್ಲಿ ಒಂದು ಗಟ್ಟಿಯಾದ ಮನೆ, ನೀರು, ಶೌಚಾಲಯ, ಬೀಗವಿರುವ ಬಾಗಿಲು ಇಷ್ಟಿದ್ದರೆ ಶಿಕ್ಷಕಿಯೊಬ್ಬರು ವಾರದ ದಿನಗಳಲ್ಲಿ ಅಲ್ಲಿಯೇ ಉಳಿಯಬಲ್ಲರು. ದೇವಾಲಯದ ಕಟ್ಟೆಗೆ, ತೇರಿಗೆ ಹಣ ಕೂಡಿಸಬಲ್ಲ ನಮ್ಮ ಊರುಗಳಿಗೆ ಇದು ಅಸಾಧ್ಯವಲ್ಲ. ಜಾತಿ ಕೇಳದೆ ಮನೆ ಕೊಡಬೇಕು ಎಂಬುದನ್ನು ಬಸವಾದಿ ಶರಣರ ಹೆಸರು ಹೇಳುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ಅನೇಕ ಕಡೆ ಶಿಕ್ಷಕರು ಮನೆ ಸಿಗದೆ ಪಟ್ಟಣಕ್ಕೆ ಮರಳುವುದು ಇದೇ ಕಾರಣದಿಂದ ಎಂಬುದನ್ನು ನಾಚಿಕೆಯಿಂದ ಹೇಳಬೇಕಾಗಿದೆ.

ಮೂರನೆಯದು, ಅತಿಥಿ ಶಿಕ್ಷಕರನ್ನು ಅತಿಥಿಗಳೆಂದು ಕಾಣದೆ ಗುರುಗಳೆಂದು ಕಾಣುವುದು. ಒಬ್ಬರು ಚೆನ್ನಾಗಿ ಕಲಿಸಿದರೆ, ಮುಂದಿನ ವರ್ಷವೂ ನಿಯಮದೊಳಗೆ ಅವರನ್ನೇ ಪರಿಗಣಿಸುವಂತೆ ಸಮಿತಿ ಕೋರಬೇಕು. ನಲಿಕಲಿಯ ತರಬೇತಿಗೆ ಅವರನ್ನೂ ಸೇರಿಸಿಕೊಳ್ಳುವಂತೆ ಕೇಳಬೇಕು.

ನಾಲ್ಕನೆಯದು ನಮ್ಮ ಸಂಸ್ಥೆಗಳಿಗೆ. ಪ್ರತಿ ಶಿಕ್ಷಕರಿಗೂ ಲಿಖಿತ ನೇಮಕಪತ್ರ, ಹನ್ನೆರಡು ತಿಂಗಳ ಸಂಬಳ, ಭವಿಷ್ಯನಿಧಿ, ವಿಚಾರಣೆಯಿಲ್ಲದೆ ತೆಗೆಯುವುದಿಲ್ಲವೆಂಬ ಭರವಸೆ ಇವುಗಳನ್ನು ಕಾನೂನಿನ ಭಯದಿಂದಲ್ಲದೆ ಧರ್ಮವೆಂದು ತಿಳಿದು ಕೊಡಬೇಕು. ಹಾಗೆ ಕೊಟ್ಟ ಸಂಸ್ಥೆಗೆ, ಕಲಿಸದ ಗುರುವನ್ನು ಧೈರ್ಯವಾಗಿ ಪ್ರಶ್ನಿಸುವ ನೈತಿಕ ಬಲವೂ ತಾನಾಗಿ ಬರುತ್ತದೆ.

ಭದ್ರತೆಯು ಗುರುವಿನ ಸುಖಕ್ಕಾಗಿ ಕೊಡುವ ಭಿಕ್ಷೆಯಲ್ಲ, ಇಲಾಖೆ ತೋರುವ ಔದಾರ್ಯವೂ ಅಲ್ಲ. ಮಗುವು ಪ್ರತಿದಿನ ಬೆಳಗ್ಗೆ ಅದೇ ಮುಖವನ್ನು ಕಾಣಬೇಕು, ಆ ಮುಖವು ತನ್ನನ್ನು ಹೆಸರು ಹಿಡಿದು ಕರೆಯಬೇಕು ಎಂಬುದಕ್ಕಾಗಿ ಸಮಾಜವು ಕಟ್ಟಿಕೊಂಡ ಏರ್ಪಾಡು. ನೆಲೆ ಪಡೆದ ಗುರುವೂ ಈ ಋಣವನ್ನು ಮರೆಯಬಾರದು. ಭದ್ರತೆ ಪಡೆದವನು ನಿಲ್ಲುವ ಹೊಣೆಯನ್ನೂ ಹೊತ್ತಿರುತ್ತಾನೆ.

ಮುಂದಿನ ಮಾಘದಲ್ಲಿ ಅದೇ ಮನೆಗೆ ಮತ್ತೆ ಹೋಗುವ ಸಂಕಲ್ಪ ನಮಗಿದೆ. ಆ ಬಾಲಕಿಯನ್ನು ಕರೆದು ಅದೇ ಪ್ರಶ್ನೆಯನ್ನು ಕೇಳುತ್ತೇವೆ. ಯೋಚಿಸದೆ ಒಂದೇ ಒಂದು ಹೆಸರನ್ನು ಆಕೆ ಹೇಳುವಂತಾಗಲಿ ಎಂಬುದು ನಮ್ಮ ಪ್ರಾರ್ಥನೆ. ಅದಕ್ಕೆ ಬೇಕಾದ ಕೆಲಸ ಮಾತ್ರ ನಮ್ಮ ನಿಮ್ಮೆಲ್ಲರ ಕೈಯಲ್ಲಿದೆ.